ನೀರು ಮುಟ್ಟಬೇಡಿ

ಕಳೆದ ತಿಂಗಳು ಒಂದು ಮದುವೆಗೆಂದು ದಾಂಡೇಲಿಗೆ ಹೋದವನು, ಮದುವೆಯ ಹಿಂದಿನ ದಿನದ ಮಧ್ಯಾಹ್ನ ಬಸ್ ನಿಲ್ದಾಣದ ಸಮೀಪದ ಕ್ಷೌರದಂಗಡಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕುಳಿತೆ. ಅಂಗಡಿಯವನು ಎರಡು ಟ್ಯೂಬುಗಳನ್ನು ಹಿಂಡಿ ಬಟ್ಟಲಿನಲ್ಲಿ ಕಲಸತೊಡಗಿದ. ಅದರ ವಾಸನೆ ಮೂಗಿಗೆ ತಾಕಿದ್ದೇ ತಡ, ಮೈಮೇಲೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಕಿತ್ತೆಸೆದು ಎದ್ದು ನಿಂತೆ. "ನೀರು ಕೊಡು, ನೀರು!" ಎಂದು ನಾನು ಕೂಗಿದ್ದು ಅಲ್ಲಿದ್ದವರು ನಕ್ಕ ಮೇಲೆಯೇ ನನಗೆ ತಿಳಿದದ್ದು.

"ಯಾಕ್ರೀ ಸರ್, ಬಣ್ಣಾನ ಇನ್ನೂ ಹಚ್ಚಿಲ್ಲ, ಆಗಲೇ ತೊಳಕೊಳ್ಳಾಕ ಹೊಂಟ್ರಿ?" ಎಂದ ಅಂಗಡಿಯವನು.

ಆ ಬಣ್ಣದಲ್ಲಿದ್ದದ್ದು ಅಮೋನಿಯಾ. ಲೇಶಮಾತ್ರ ಅಮೋನಿಯಾ. ಅಷ್ಟೇ ಸಾಕಾಯಿತು, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ತನ್ನ ಎಲ್ಲ ಧೂಳು ಧಗೆಗಳೊಂದಿಗೆ ನನ್ನೆದುರು ಬಂದು ನಿಲ್ಲಲು. ಆ ಬೇಸಿಗೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದಾಗಲೆಲ್ಲ ನನಗೆ ಅನುಕೂಲವಾದಷ್ಟನ್ನೇ ಹೇಳಿದ್ದೇನೆ. ಈಗ ಪೂರ್ತಿ ಬರೆಯುತ್ತೇನೆ.

ನನಗಾಗ ಇಪ್ಪತ್ತಾರು. ಕ್ಯಾಸಲ್‌ರಾಕಿನ ರೈಲ್ವೆ ವಸತಿಯಲ್ಲಿ ಹುಟ್ಟಿ, ಘಾಟಿನಲ್ಲಿ ಹಳಿ ಕಾಯುತ್ತಿದ್ದ ತಂದೆಯ ಸಂಬಳದಲ್ಲಿ ಧಾರವಾಡದ ಕಾಲೇಜು ಮುಗಿಸಿ, ದಾಂಡೇಲಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮಾಸ್ತರನಾಗಿದ್ದೆ. ಕಾಲೇಜು ನನಗೆ ಕೊಟ್ಟ ನಿಜವಾದ ವಿದ್ಯೆ ಚರ್ಚಾಸ್ಪರ್ಧೆ. ಮಾತು ಚಿಕ್ಕದಿರಬೇಕು, ವಿನಾಯಿತಿಗಳನ್ನು ನಾವಾಗಿಯೇ ಹೇಳಬಾರದು, ಎದುರಾಳಿ ಆ ಕಿಂಡಿಯಿಂದಲೇ ಒಳಗೆ ನುಗ್ಗುತ್ತಾನೆ, ದನಿ ಸಭೆಯ ಕೊನೆಯ ಸಾಲಿನವನ ಎದೆಗೆ ತಟ್ಟಬೇಕು. ಈ ಮೂರು ಸೂತ್ರಗಳಿಂದ ನಾನು ಹಲವು ಢಾಲುಗಳನ್ನು ಗೆದ್ದಿದ್ದೆ. ಅದೇ ಸೂತ್ರಗಳಿಂದ ಒಂದು ಊರನ್ನೂ ತಿದ್ದಬಹುದು ಎಂದು ಮನಸಾರೆ ನಂಬಿದ್ದೆ.

ಕಾರ್ಖಾನೆಗಳನ್ನು ನೆಚ್ಚಿ ಬದುಕುವ ಊರಿಗೆ ಅಪಾಯದ ಅರಿವಿರಬೇಕು ಎಂಬುದು ನನ್ನ ವಾದ. ಅದು ತಪ್ಪು ವಾದವೆಂದು ಇಂದಿಗೂ ನನಗೆ ಅನ್ನಿಸುವುದಿಲ್ಲ. ಮೂವತ್ತು ಜನರನ್ನು ಕೂಡಿಸಿ ಒಂದು ಸುರಕ್ಷಾ ಬಳಗ ಕಟ್ಟಿದೆ. ದರ್ಜಿಗಳು, ಗ್ಯಾರೇಜಿನವರು, ಪಾನ್ ಅಂಗಡಿಯವರು, ಒಬ್ಬಿಬ್ಬರು ನಿವೃತ್ತ ಕೆಲಸಗಾರರು. ಆ ನಿವೃತ್ತರಲ್ಲೊಬ್ಬರು ಇಮಾಮಸಾಬರು. ಊರಿನ ಕಾಗದದ ಕಾರ್ಖಾನೆಯಲ್ಲಿ, ಕಾಗದ ಬಿಳಿ ಮಾಡುವ ವಿಭಾಗದಲ್ಲಿ ಆಯುಷ್ಯ ಕಳೆದವರು. ಕ್ಲೋರಿನ್ನಿನ ಗುಣಾವಗುಣಗಳನ್ನು ಮನೆಯ ಹಟಮಾರಿ ಎತ್ತಿನ ಗುಣಗಳಂತೆ ಬಲ್ಲವರು. ಗ್ಯಾಸ್ ಎಂದರೆ ಊರಿಗೆಲ್ಲ ಕ್ಲೋರಿನ್ನೇ ಆಗಿತ್ತು. ಎಷ್ಟೋ ಮನೆಗಳಲ್ಲಿ ಅದರೊಡನೆ ಕೆಲಸ ಮಾಡಿದ ಒಬ್ಬರಾದರೂ ಇದ್ದರು. ನನಗೆ ಅದರ ಪಾಠ ಹೇಳಿದವರೂ ಇಮಾಮಸಾಬರೇ.

"ಸಿಲಿಂಡರ್ ಸೋರಾಕ ಹತ್ತೇತಿ ಅಂದ್ರ ಅದರ ಮ್ಯಾಲ ನೀರು ಹಾಕಬಾರದ್ರಿ ಮಾಸ್ತರ್ರ. ಕ್ಲೋರಿನ್ನಿಗೆ ನೀರು ಕೂಡಿತಂದ್ರ ಕಬ್ಬಣಾನ ತಿಂತೈತಿ. ಸೂಜಿಯಷ್ಟಿದ್ದ ತೂತು ಬೆರಳಷ್ಟಾಗ್ತೈತಿ. ತಗ್ಗಿನ್ಯಾಗ ಹೋಗಿ ಕುಂದ್ರತೈತಿ ಅದು, ಅದಕ್ಕ ದಿನ್ನಿ ಹತ್ತಬೇಕು. ಆದ್ರ ಮನಿಷಾನ ಕಣ್ಣಾಗ ಬಿತ್ತಂದ್ರ ನೀರು ಹೊಯ್ಕೋತ ಇರಬೇಕು. ಕಬ್ಬಣದ ಮಾತ ಬ್ಯಾರೆ, ಕಣ್ಣಿನ ಮಾತ ಬ್ಯಾರೆ."

ನಾನು ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಕರಪತ್ರ ಬರೆಯಲು ಕುಳಿತಾಗ ನನ್ನೊಳಗಿನ ಸ್ಪರ್ಧಾಳು ಎದ್ದ. ಒಂದು ಪುಟವಿದ್ದದ್ದು ಅರ್ಧವಾಯಿತು, ಅರ್ಧ ಮೂರು ಸಾಲಾಯಿತು: 'ಗ್ಯಾಸ್ ಸೋರಿದರೆ ನೀರು ಮುಟ್ಟಬೇಡಿ. ತಗ್ಗಿಗೆ ಇಳಿಯಬೇಡಿ. ಗಾಳಿಗೆ ಎದುರಾಗಿ ನಡೆಯಿರಿ.' ಕ್ಲೋರಿನ್ ಎಂಬ ಶಬ್ದ ಸಾಲಿನ ಲಯವನ್ನು ಕೆಡಿಸುತ್ತದೆಂದು ಅದನ್ನೂ ಹೊಡೆದುಹಾಕಿದೆ.

ಅಚ್ಚಿನ ಮನೆಯಿಂದ ಬಂದ ಮೊದಲ ಪ್ರತಿಯನ್ನು ಇಮಾಮಸಾಬರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಕ್ಲೋರಿನ್ ಎಲ್ಲೆ ಹೋತ್ರಿ ಇದರಾಗ? ಕಣ್ಣಿನ ಮಾತು?"

"ಸಾಬ್ರ, ಓಡೋ ಜನ ಟಿಪ್ಪಣಿ ಓದಂಗಿಲ್ಲ. ಮಾತು ಸಣ್ಣದಿರಬೇಕು. ಒಂದ ಏಟಿಗೆ ತಲಿಯಾಗ ಕುಂದ್ರಬೇಕು."

"ಸಣ್ಣದಿರ್ಲಿ. ಖರೇನೂ ಇರ್ಲಿ. ಎಲ್ಲಾ ಗ್ಯಾಸಿಗೂ ಒಂದ ಮಂತ್ರ ನಡಿಯೂದಿಲ್ಲ. ಹಂಗ ನೋಡಿದ್ರ ನಿಮ್ಮ ಭಾಷಣಾನೂ ಒಂದ್ ಗ್ಯಾಸ ಬಿಡ್ರಿ. ಮೂಗ ಮುಚಿಗೊಂಡ್ರೂ ಒಳಗ ಹೋಗ್ತೈತಿ."

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಕರಪತ್ರ ಮಾತ್ರ ಹಾಗೆಯೇ ಅಚ್ಚಾಯಿತು. ಶಾಲೆಯ ಮಕ್ಕಳು ಅದನ್ನು ಘೋಷಣೆಯಾಗಿ ಕೂಗಿದರು. ಊರಿನ ಗೋಡೆಗಳ ಮೇಲೆ ಆ ಮೂರು ಸಾಲು ಸುಣ್ಣದಲ್ಲಿ ಮೂಡಿದವು.

ಆ ಬೇಸಿಗೆ ಕ್ರೂರವಾಗಿತ್ತು. ಸಾಗುವಾನಿಯ ಮರಗಳು ಒಂದೆಲೆಯೂ ಇಲ್ಲದೆ ನಿಂತಿದ್ದವು. ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಒಂದು ಕೊಡಕ್ಕೆ ಒಂದು ಜಗಳ. ಹಳಿಯಾಳ ರಸ್ತೆಯ ಬದಿಗೆ ಒಂದು ಐಸ್ ಫ್ಯಾಕ್ಟರಿ ಇತ್ತು. ಕಾರವಾರದ ಕಡೆಯಿಂದ ಜೊಯಿಡಾದ ಘಟ್ಟ ಹತ್ತಿ ಬರುವ ಮೀನಿನ ಲಾರಿಗಳು ಅಲ್ಲಿ ಹೊಸ ಐಸು ತುಂಬಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದವು. ನೀರನ್ನು ಹೆಪ್ಪುಗಟ್ಟಿಸುವ ಕೊಳವೆಗಳಲ್ಲಿ ಹರಿಯುತ್ತಿದ್ದದ್ದು ಅಮೋನಿಯಾ. ಅಪಾಯದ ಬಗ್ಗೆ ಊರಿಗೆಲ್ಲ ಪಾಠ ಹೇಳುತ್ತಿದ್ದ ನಾನು ಆ ಫ್ಯಾಕ್ಟರಿಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಐಸಿನಂಥ ತಣ್ಣನೆಯ ವಸ್ತುವಿನಲ್ಲಿ ಸುಡುವಂಥದ್ದು ಏನಿದ್ದೀತು ಎಂದುಕೊಂಡಿದ್ದೆನೋ ಏನೋ.

ಅಲ್ಲಿ ಐಸಿನ ಗಡ್ಡೆಗಳಿಗೆ ಭತ್ತದ ಹೊಟ್ಟು ಮುಚ್ಚುವ ಕೆಲಸಕ್ಕೆ ಹೆಂಗಸರಿದ್ದರು. ಮುಂಡಗೋಡ ತಾಲೂಕಿನ ಚಿಗಳ್ಳಿಯಿಂದ ಬೇಸಿಗೆಯ ಕೂಲಿಗೆಂದು ಬಂದಿದ್ದ ಇಬ್ಬರು ಅವರಲ್ಲಿದ್ದರು: ಶಾಂತವ್ವ ಮತ್ತು ಅವಳ ನೆಗೆಣ್ಣಿ ನೀಲವ್ವ. ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ಒಂದು ತಗಡಿನ ಕೋಣೆಯಲ್ಲಿ ಅವರ ವಾಸ. ಅವಘಡದ ದಿನದವರೆಗೆ ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಸದ್ದಾಯಿತು. ನಾನು ಅದೇ ಓಣಿಯ ತುದಿಯ ಹುಣಸೆಮರದ ಕೆಳಗೆ ಬಳಗದವರಿಗೆ ತಾಲೀಮು ಕೊಡುತ್ತಿದ್ದೆ. ನೋಡನೋಡುತ್ತಿದ್ದಂತೆ ಫ್ಯಾಕ್ಟರಿಯ ಬಾಗಿಲಿನಿಂದ ಬಿಳಿಯ ಮಂಜು ಹೊರಟು ನೆಲ ಹಿಡಿದು ಹರಿಯತೊಡಗಿತು. ಕೊಳವೆಯ ಕೀಲೊಂದು ಕಿತ್ತುಹೋಗಿತ್ತು. ಆ ಕ್ಷಣದಲ್ಲಿ ನನಗಾದದ್ದು ಭಯವಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನನಗೆ ಸಂತೋಷವಾಯಿತು. ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತ್ತು.

ಮೊದಲ ಐದು ನಿಮಿಷ ನಾವು ಚೆನ್ನಾಗಿಯೇ ಕೆಲಸ ಮಾಡಿದೆವು. ಮೂಗುಬಾಯಿಗಳಿಗೆ ಟವೆಲ್ ಸುತ್ತಿಕೊಂಡು ಓಣಿಯ ಮನೆಮನೆಯ ಬಾಗಿಲು ಬಡಿದು, ಗಾಳಿಯ ದಿಕ್ಕು ನೋಡಿ ಜನರನ್ನು ದಿನ್ನೆಗೆ ಹತ್ತಿಸಿದೆವು. ಯಾರಾದರೂ ಆ ದಿನ ಕೇವಲ ಅಷ್ಟನ್ನೇ ನೋಡಿದ್ದರೆ ನಮ್ಮನ್ನು ಹೊಗಳುತ್ತಿದ್ದರು. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಕೆಲಸಗಾರರು ಕೆಮ್ಮುತ್ತ, ಮುಗ್ಗರಿಸುತ್ತ ಹೊರಬಂದರು. ಕೊನೆಗೆ ಬಂದವಳು ಶಾಂತವ್ವ. ಎರಡೂ ಅಂಗೈಗಳಿಂದ ಮುಖ ಒತ್ತಿಕೊಂಡು, ಬಾಗಿ, ಸುತ್ತ ಸುತ್ತ ತಿರುಗುತ್ತಿದ್ದಳು.

"ಕಣ್ಣs! ನೀಲವ್ವಾ, ನನ್ನ ಕಣ್ಣs!"

ಮೊದಲೇ ಹೊರಬಂದಿದ್ದ ನೀಲವ್ವ ತಮ್ಮ ಕೋಣೆಯಿಂದ ಒಂದು ತುಂಬಿದ ಕೊಡ ತಂದಳು. ನಾನು ಅಡ್ಡ ಹೋದೆ.

"ನೀರು ಮುಟ್ಟಬ್ಯಾಡ! ಗ್ಯಾಸಿಗೆ ನೀರು ಕೂಡಿದ್ರ ಸುಡತೈತಿ!"

"ಬಿಡ್ರೀ ಯಪ್ಪಾ, ಆಕಿ ಕಣ್ಣು ಉರಿಯಾಕ ಹತ್ಯಾವು!"

"ನೀರು ಬ್ಯಾಡಂದ್ರ ಬ್ಯಾಡ!"

ಅವಳು ಕೊಡ ಎಳೆದಳು, ನಾನೂ ಎಳೆದೆ. ನನ್ನ ಕೈ ಗಟ್ಟಿಯಿತ್ತು. ಕೊಡ ನನ್ನದಾಯಿತು, ಮತ್ತೆ ಅವಳ ಕೈಗೆ ಸಿಗಬಾರದೆಂದು ಅದನ್ನು ನೆಲಕ್ಕೆ ಸುರಿದೆ. ಒಣನೆಲ ಆ ನೀರನ್ನು ಎಷ್ಟು ಬೇಗ ಕುಡಿಯಿತೆಂದರೆ ಒದ್ದೆಯ ಗುರುತೂ ಹೆಚ್ಚು ಹೊತ್ತು ಉಳಿಯಲಿಲ್ಲ. ನನ್ನನ್ನು ನೋಡಿ ಬಳಗದವರು ಉಳಿದ ಹೆಂಗಸರ ಕೈಯ ತಂಬಿಗೆಗಳನ್ನೂ ತಡೆದರು. ಅವರು ಕಲಿತ ಪಾಠವನ್ನೇ ಒಪ್ಪಿಸುತ್ತಿದ್ದರು.

ಅಗ್ನಿಶಾಮಕ ವಾಹನ ಬಂತು. ಬಳಗದ ಇಬ್ಬರು ಅದರ ಎದುರಿಗೇ ಕೈ ಅಡ್ಡ ಹಿಡಿದು ನಿಂತರು. ಅಧಿಕಾರಿ ಕೆಳಗೆ ಧುಮುಕಿದ.

"ಸರೀರಿ! ನೀರು ಚಿಮ್ಮಿಸಿ ಪರದೆ ಹಾಕದಿದ್ರ ಇದು ಓಣಿ ತುಂಬ ಹೊಕ್ಕೇತಿ. ಯಾರು ಹೇಳ್ಯಾರ ನಿಮಗ ನೀರು ಬ್ಯಾಡಂತ?"

ಅವರು ಗೋಡೆಯನ್ನು ತೋರಿಸಿದರು. ಗೋಡೆಯ ಮೇಲೆ ನನ್ನ ಮೂರು ಸಾಲು ಸುಣ್ಣದಲ್ಲಿ ಹೊಳೆಯುತ್ತಿದ್ದವು.

ಆ ವಾಗ್ವಾದದ ನಡುವೆ ಇಮಾಮಸಾಬರು ಸೈಕಲ್ ಎಸೆದು ಓಡಿಬಂದರು. ನಿಂತು ಒಮ್ಮೆ ಮೂಸಿದರು, ಅಷ್ಟೇ.

"ಅರೇ, ಇದು ಕ್ಲೋರಿನ್ ಅಲ್ರೋ! ಅಮೋನಿಯಾ! ಉಚ್ಚೀ ನಾತ ಗೊತ್ತಾಗೂದಿಲ್ಲೇನು, ಮೂಗು ಮಾರಿಕೊಂಡೀರೇನು? ಆ ಹೆಣ್ಣಮಗಳಿಗೆ ಯಾಕ ನೀರು ಹಾಕಿಲ್ಲ? ತರ್ರೋ ನೀರು!"

ತಾವೇ ಕೂತು ಶಾಂತವ್ವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ರೆಪ್ಪೆಗಳನ್ನು ಬೆರಳಿಂದ ಬಿಡಿಸಿ ಹಿಡಿದು, ಆಸ್ಪತ್ರೆಯ ಗಾಡಿ ಬರುವವರೆಗೂ ನೀರು ಹೊಯ್ಯುತ್ತಲೇ ಇದ್ದರು. ಅತ್ತ ಮುಖಕ್ಕೆ ಉಸಿರಿನ ಉಪಕರಣ ಕಟ್ಟಿಕೊಂಡ ಅಗ್ನಿಶಾಮಕದ ಇಬ್ಬರು ನೀರಿನ ಪರದೆಯ ಮರೆಯಲ್ಲಿ ಒಳಹೊಕ್ಕು ಕೀಲು ಮುಚ್ಚಿದರು. ಸಂಜೆಯ ಹೊತ್ತಿಗೆ ಓಣಿಯ ಜನ ಮನೆಗಳಿಗೆ ಮರಳಿದರು. ಉಳಿದವರಿಗೆಲ್ಲ ಕೆಮ್ಮು, ಗಂಟಲುರಿ. ಕೆಲವು ದಿನಗಳಲ್ಲಿ ಗುಣವಾಯಿತು.

ಶಾಂತವ್ವನ ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಬೆಳಕು ಕತ್ತಲೆಗಳ ಭೇದ ಮಾತ್ರ ಉಳಿಯಿತು. ವೈದ್ಯರು ನನಗೆ ತಿಳಿಸಿ ಹೇಳಿದರು: ಅಮೋನಿಯಾ ಕಣ್ಣಿನ ಮೇಲೆ ಕೂತುಬಿಡುವಂಥದ್ದಲ್ಲ, ಒಳಕ್ಕೆ ಕೊರೆಯುತ್ತ ಹೋಗುತ್ತದೆ, ಮೊದಲ ನಿಮಿಷಗಳ ನೀರೇ ಔಷಧಿ, ಆಮೇಲಿನದೆಲ್ಲ ಉಪಚಾರ. ಆ ಮೊದಲ ನಿಮಿಷಗಳು ನನ್ನ ಕೈಯಲ್ಲಿದ್ದವು. ಎಷ್ಟು ನಿಮಿಷ? ಇಪ್ಪತ್ತು ಎಂದು ಓಣಿಯವರು. ಹತ್ತು ಎಂದು ನಾನು.

ಆ ವಾರವೇ ನಾನು ಒಂದು ಸ್ಥಳೀಯ ಪತ್ರಿಕೆಗೆ ಲೇಖನ ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಯಂತ್ರದ ಕೋಣೆಯ ಪಕ್ಕದಲ್ಲಿ ಕಣ್ಣು ತೊಳೆಯಲು ಸದಾ ತುಂಬಿರಬೇಕಾಗಿದ್ದ ಪೀಪಾಯಿಯಲ್ಲಿ ಮಾಲೀಕ ಭತ್ತದ ಹೊಟ್ಟು ತುಂಬಿಸಿಟ್ಟಿದ್ದ. ಮುಖವಾಡಗಳು ಅವನ ಕಪಾಟಿನಲ್ಲಿ ಬೀಗದೊಳಗಿದ್ದವು. ಇದೆಲ್ಲ ನಿಜ. ನನ್ನ ವಾಕ್ಯಗಳು ಚಾವಟಿಯಂತಿದ್ದವು. ಸುರಿದುಹೋದ ಕೊಡದ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಮಂಜಿನಲ್ಲಿ, ಟವೆಲ್ ಸುತ್ತಿದ ಮುಖಗಳ ನಡುವೆ, ಆ ಕೊಡ ಕಸಿದವನು ಯಾರೆಂದು ನೀಲವ್ವನಿಗೂ ಖಚಿತವಿರಲಿಲ್ಲ. ಬಳಗದವನೊಬ್ಬ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಊರು ನಮ್ಮನ್ನು ಬಿಡಲಿಲ್ಲ. ಚಹಾದ ಅಂಗಡಿಯಲ್ಲಿ ಯಾರಾದರೂ ಲೋಟ ಎತ್ತಿ, "ನೀರು ಕುಡೀಲೇನ್ರೀ ಸರ್, ಪರವಾನಗಿ ಐತಿ?" ಎನ್ನುತ್ತಿದ್ದರು. ಗೋಡೆಯ ಮೇಲಿನ ಬರಹಕ್ಕೆ ಸಗಣಿ ಬಿತ್ತು. ಬಳಗದ ದರ್ಜಿಯೊಬ್ಬ ತನ್ನ ತೋಳಪಟ್ಟಿಯನ್ನು ನನ್ನ ಮನೆಯ ಕಟ್ಟೆಗೆ ಎಸೆದುಹೋದ. ನನಗೆ ಅವರೆಲ್ಲರ ಮೇಲೆ ಸಿಟ್ಟು ಬರುತ್ತಿತ್ತು. ಒಳ್ಳೆಯದನ್ನು ಮಾಡಲು ಹೊರಟವನಿಗೆ ಈ ಊರು ಕೊಡುವ ಮರ್ಯಾದೆ ಇದೇ ಎಂದು ಹಲ್ಲು ಕಚ್ಚುತ್ತಿದ್ದೆ. ಇಮಾಮಸಾಬರು ಎದುರಾದಾಗ ಇಷ್ಟೇ ಹೇಳಿದರು: "ಚಲೋ ಬರದೀರಿ ಮಾಸ್ತರ್ರ. ಒಂದ್ ಮಾತು ಬಿಟ್ಟೀರಿ."

ಸರ್ಕಾರದ ವತಿಯಿಂದ ಒಂದು ವಿಚಾರಣೆ ನಡೆಯಿತು. ಆ ಸಭೆಯಲ್ಲಿ ನಾನು ಶಾಂತವ್ವನ ಪರವಾಗಿ ಅರ್ಧ ಗಂಟೆ ಮಾತನಾಡಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ಹಿಂದೆಂದೂ ಮಾತನಾಡಿರಲಿಲ್ಲ. ಮಾಲೀಕ ತಲೆ ಎತ್ತಲಿಲ್ಲ. ನಾನು ಕುಳಿತುಕೊಂಡ ಮೇಲೆ ವಿಚಾರಣಾಧಿಕಾರಿ ಶಾಂತವ್ವನನ್ನು, "ನೀವು ಏನಾದರೂ ಹೇಳುವುದಿದೆಯೇನಮ್ಮ?" ಎಂದು ಕೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅವಳು ನೀಲವ್ವನ ಭುಜ ಹಿಡಿದು ಎದ್ದಳು.

"ಈಗ ಭಾಷಣ ಮಾಡಿದವರು ಯಾರ್ರಿ? ಕೊಡ ಕಸಗೊಂಡವರು ಇವರs. ನೀರು ಬ್ಯಾಡಂದ್ರ ಬ್ಯಾಡ ಅಂತ ಒದರಿದ್ದು ಇದs ದನಿ. ನಾ ಆವತ್ತ ಕಣ್ಣೀಲೆ ಏನೂ ನೋಡಲಿಲ್ಲ, ಕಿವೀಲೆ ಎಲ್ಲಾ ಕೇಳೇನಿ."

ಮಾಲೀಕನ ವಕೀಲ ಎದ್ದು ನಿಂತ. ಅವನ ಮುಖದಲ್ಲಿ ಮೊದಲ ಸಲ ನಗೆ ಕಂಡಿತು. "ಹಂಗಾದ್ರ ಸಾಹೇಬ್ರ, ಕಣ್ಣು ಹೋಗಿದ್ದು ನಮ್ಮ ಗ್ಯಾಸಿನಿಂದಲ್ಲ, ಈ ಸರ್ ಅವರ ಉಪಕಾರದಿಂದ!"

ಇಡೀ ಸಭೆ ನನ್ನತ್ತ ತಿರುಗಿತು. ನಾನು ಎದ್ದು, ದನಿಯನ್ನು ಒಂದಿಷ್ಟೂ ಅಲುಗಿಸದೆ, ಹೀಗೆಂದೆ: ಗೊಂದಲದ ಹೊತ್ತಿನಲ್ಲಿ ಹತ್ತಾರು ದನಿಗಳಿರುತ್ತವೆ, ನೋವಿನಲ್ಲಿರುವವರು ಒಂದನ್ನು ಇನ್ನೊಂದೆಂದು ತಿಳಿಯುವುದು ಸಹಜ, ನಾನು ಯಾರ ಕೊಡವನ್ನೂ ಮುಟ್ಟಿಲ್ಲ. ಹಿಂದಿನ ಸಾಲಿನಲ್ಲಿದ್ದ ಇಮಾಮಸಾಬರು ಎದ್ದು, ಕುರ್ಚಿ ಸರಿಸಿ, ಹೊರಗೆ ಹೋದರು. ಅಧಿಕಾರಿ ಲಿಖಿತ ಹೇಳಿಕೆಗಳಿಗೆ ಒಂದು ವಾರದ ಅವಧಿ ಕೊಟ್ಟರು.

ಆ ವಾರ ನಾನು ನನ್ನೊಡನೆ ಎರಡೂ ಪಕ್ಷ ವಹಿಸಿ ವಾದಿಸಿದೆ. ನಾನು ನಿಜ ಒಪ್ಪಿದರೆ ಮಾಲೀಕ ಪಾರಾಗುತ್ತಾನೆ. ಶಾಂತವ್ವನಿಗೆ ನ್ಯಾಯ ಸಿಗುವುದಿಲ್ಲ. ಹಾಗಾಗಿ ನನ್ನ ಸುಳ್ಳು ಅವಳ ಹಿತಕ್ಕಾಗಿಯೇ. ಎಷ್ಟು ಅಚ್ಚುಕಟ್ಟಾದ ವಾದ! ಅದನ್ನು, ಊರಿಗೆ ಮರಳಿದ್ದ ಅವಳಿಗೇ ವಿವರಿಸಿ ಒಪ್ಪಿಸಬೇಕೆಂದು ಚಿಗಳ್ಳಿಗೆ ಹೊರಟೆ. ಬಸ್ಸಿನಲ್ಲಿ ಇಮಾಮಸಾಬರು ಮೊದಲೇ ಕುಳಿತಿದ್ದರು. ನಾನು ಹೊರಟ ಸುದ್ದಿ ಅವರಿಗೆ ಹೇಗೋ ತಿಳಿದಿತ್ತು. ಮುಂಡಗೋಡದವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಮೊದಲ ಮಳೆ ಬಿದ್ದಿತ್ತು, ಹೊಲಗಳಲ್ಲಿ ನೇಗಿಲುಗಳಿದ್ದವು.

ಶಾಂತವ್ವ ಮನೆಯ ಕಟ್ಟೆಯ ಮೇಲೆ ಬೀಜದ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನು ನನ್ನ ವಾದವನ್ನು ಆರಂಭದಿಂದ ಅಂತ್ಯದವರೆಗೆ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು.

"ನನ್ನ ಸಲುವಾಗಿ ಸುಳ್ಳ ಹೇಳ್ರಿ ಅಂತ ನಾ ನಿಮಗ ಹೇಳೀನೇನ್ರಿ?"

"ಇಲ್ಲ. ಆದ್ರ ಸಾವಕಾರ ಪಾರಾಗ್ತಾನ..."

"ಸಾವಕಾರ ಪೀಪಾಯಿಗೆ ಹೊಟ್ಟು ತುಂಬಿಸ್ಯಾನ. ನೀವು ಕೊಡ ಚೆಲ್ಲೀರಿ. ಇಬ್ಬರೂ ಮಾಡೀರಿ. ಇಬ್ಬರದೂ ಬರೀರಿ. ಸಾಬ್ರು ಓದಿ ಹೇಳ್ಲಿ."

ನಾನು ಕಾಗದ ತೆಗೆದೆ. ಬರೆದದ್ದನ್ನು ಇಮಾಮಸಾಬರು ಗಟ್ಟಿಯಾಗಿ ಓದಿದರು: "ಅನಿರೀಕ್ಷಿತವಾಗಿ ಉಂಟಾದ ಗೊಂದಲದ ಸನ್ನಿವೇಶದಲ್ಲಿ, ಕೇವಲ ಸದುದ್ದೇಶದಿಂದ..."

"ಸದುದ್ದೇಶ ಅಂದ್ರ?"

"ಒಳ್ಳೇದ ಮಾಡೂ ಮನಸಿತ್ತಂತವ್ವಾ," ಎಂದರು ಇಮಾಮಸಾಬರು.

"ಅದು ಅವರ ಮನ್ಯಾಗ ಇಟಗೊಳ್ಲಿ. ಕಾಗದದಾಗ ಬ್ಯಾಡ."

ಮತ್ತೆ ಬರೆದೆ. ಮತ್ತೆ ಓದಿದರು. 'ಗೊಂದಲ' ಹೋಯಿತು. 'ಪ್ರಾಯಶಃ' ಹೋಯಿತು. 'ವಿಷಾದಪೂರ್ವಕವಾಗಿ' ಎಂಬ ಶಬ್ದಕ್ಕೆ ಒಳಗಿನಿಂದ ನೀಲವ್ವ ಸೊಟ್ಟನೆಯ ನಗೆ ನಕ್ಕಳು, ಅದೂ ಹೋಯಿತು. ನಾಲ್ಕನೆಯ ಸಲಕ್ಕೆ ಉಳಿದದ್ದು ಇಷ್ಟು: ಫ್ಯಾಕ್ಟರಿಯ ಪೀಪಾಯಿಯಲ್ಲಿ ನೀರಿರಲಿಲ್ಲ, ಹೊಟ್ಟಿತ್ತು. ಶಾಂತವ್ವನ ಕಣ್ಣಿಗೆಂದು ತಂದ ನೀರನ್ನು ನಾನು ಕಸಿದು ಚೆಲ್ಲಿದೆ. ಅದು ಯಾವ ಗ್ಯಾಸ್ ಎಂದು ನಾನು ಯಾರನ್ನೂ ಕೇಳಲಿಲ್ಲ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ.

ಆ ಕಾಗದದಿಂದ ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಕೀಲ ಅದನ್ನು ಎತ್ತಿ ಹಿಡಿದು ಸಭೆಗೆಲ್ಲ ತೋರಿಸಿದ. ಆದರೆ ಎರಡನೆಯ ವಾಕ್ಯವನ್ನು ನಂಬುವುದಾದರೆ ಮೊದಲನೆಯದನ್ನೂ ನಂಬಬೇಕೆಂದು ಅಧಿಕಾರಿ ಹೇಳಿದರು. ಮಾಲೀಕನ ತಪ್ಪು ದಾಖಲಾಯಿತು, ನನ್ನದೂ ದಾಖಲಾಯಿತು. ಅವಳಿಗೆ ಸಿಕ್ಕ ಪರಿಹಾರ ಸಿಗಬೇಕಾದುದಕ್ಕಿಂತ ಕಡಿಮೆ. ಎಷ್ಟು ಸಿಕ್ಕರೂ ಕಡಿಮೆಯೇ. ಮಳೆಗಾಲ ಮುಗಿಯುವ ಮೊದಲು ಶಾಲೆ ನನ್ನನ್ನು ಬಿಡಿಸಿತು. ಅದರ ಬಗ್ಗೆ ನನಗೆ ದೂರಿಲ್ಲ.

ಚಿಗಳ್ಳಿಯ ಆ ಮಧ್ಯಾಹ್ನ, ಕಾಗದಕ್ಕೆ ಸಹಿ ಮಾಡಿ ಮಡಚಿದ ಮೇಲೂ ನನಗೆ ಅಲ್ಲಿಂದ ಹೊರಡಲಾಗಲಿಲ್ಲ. "ನಂದು ತಪ್ಪಾತವ್ವಾ, ಕ್ಷಮಾ..." ಎಂದು ಶುರುಮಾಡಿದೆ.

"ಬರಿಯಾಕ ಬಂದ್ರಿ, ಬರದ್ರಿ," ಎಂದಳು ಶಾಂತವ್ವ. "ಬಸ್ಸಿನ ಹೊತ್ತಾತು."

ಅವಳ ಬೆರಳುಗಳಿಂದ ಜಾರಿದ ಒಂದು ಶೇಂಗಾಕಾಯಿ ಕಟ್ಟೆಯ ಮೇಲೆ ಉರುಳಿ ನನ್ನ ಪಾದದ ಬಳಿ ನಿಂತಿತು. ಎತ್ತಿಕೊಡಲೆಂದು ನಾನು ಬಾಗುವಷ್ಟರಲ್ಲಿ, ಉರುಳಿದ ಸದ್ದಿನ ಜಾಡು ಹಿಡಿದು ಅವಳ ಕೈ ಅಲ್ಲಿಗೆ ಬಂದಿತ್ತು. ಅದನ್ನು ತಡವಿ ತೆಗೆದು, ಸುಲಿದು, ಕಾಳನ್ನು ಮೊರಕ್ಕೆ ಹಾಕಿದಳು. ಇಮಾಮಸಾಬರು ಆಗಲೇ ಅಂಗಳ ದಾಟಿದ್ದರು. ನಾನು ಉಸಿರು ಹಿಡಿದು ಅಲ್ಲೇ ನಿಂತಿದ್ದೆ.

ಮುಖವನ್ನು ನೇರವಾಗಿ ನನ್ನತ್ತಲೇ ಇಟ್ಟು ಅವಳು ಒಳಗೆ ಕೂಗಿದಳು:

"ನೀಲವ್ವಾ, ಹೊರಗ ಬಂದು ನೋಡs. ಆ ಮನಿಷಾ ಹೋದನೇನು?"